ಆದಿಯನ್ನು ಒಪ್ಪದವರು

1961ರ ಫೆಬ್ರವರಿಯಲ್ಲಿ ಕೇಂಬ್ರಿಜ್‌ನ ಖಗೋಳ ವಿಜ್ಞಾನಿ ಫ್ರೆಡ್ ಹಾಯ್ಲ್ ಅವರಿಗೂ ಅವರ ಪತ್ನಿ ಬಾರ್ಬರಾ ಅವರಿಗೂ ಲಂಡನ್ನಿನ ಮಲ್ಲಾರ್ಡ್ ಕಂಪನಿಯಿಂದ ಕರೆ ಬಂತು. ರೇಡಿಯೊ ವಾಲ್ವುಗಳನ್ನು ತಯಾರಿಸುತ್ತಿದ್ದ ಆ ಕಂಪನಿ ಕೇಂಬ್ರಿಜ್‌ನ ರೇಡಿಯೊ ವೀಕ್ಷಣಾಲಯಕ್ಕೆ ಹಣ ಕೊಟ್ಟಿತ್ತು. ಅಲ್ಲಿ ಸಿಕ್ಕ ಹೊಸ ಫಲಿತಾಂಶವನ್ನು ಪತ್ರಕರ್ತರ ಮುಂದೆ ಇಡುವ ಕಾರ್ಯಕ್ರಮ ಅದು. ಬಾರ್ಬರಾ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು, ಹಾಯ್ಲ್ ಅವರಿಗೆ ವೇದಿಕೆಯ ಮೇಲೇ ಕುರ್ಚಿ ಹಾಕಿದರು. ತೆರೆ ಸರಿದಾಗ ಕಂಡವರು ಮಾರ್ಟಿನ್ ರೈಲ್. ಅವರೂ ಕೇಂಬ್ರಿಜ್‌ನವರೇ, ಆದರೆ ಹಲವು ವರ್ಷಗಳಿಂದ ಎದುರು ಪಾಳೆಯದಲ್ಲಿದ್ದವರು. ಇಷ್ಟು ಮರ್ಯಾದೆಯಿಂದ ಕರೆದಿದ್ದಾರಲ್ಲ, ಬಹುಶಃ ತನ್ನ ಸಿದ್ಧಾಂತಕ್ಕೆ ಅನುಕೂಲವಾದದ್ದೇ ಏನೋ ಸಿಕ್ಕಿರಬೇಕು ಎಂದು ಆ ಗಳಿಗೆಯಲ್ಲಿ ಅನ್ನಿಸಿತ್ತು ಎಂದು ಹಾಯ್ಲ್ ಆತ್ಮಕಥೆಯಲ್ಲಿ ನೆನೆದಿದ್ದಾರೆ. ರೈಲ್ ಮಾತು ಶುರು ಮಾಡಿದ ಮೇಲೆ ಆ ಭ್ರಮೆ ಉಳಿಯಲಿಲ್ಲ. ಆಕಾಶದಲ್ಲಿ ಎಣಿಸಿದ ರೇಡಿಯೊ ಮೂಲಗಳ ಲೆಕ್ಕ ಹಾಯ್ಲ್ ಹೇಳುವ ವಿಶ್ವಕ್ಕೆ ಹೊಂದುವುದೇ ಇಲ್ಲ ಎಂಬುದು ಅವರ ಸಾರಾಂಶವಾಗಿತ್ತು. ಅದೆಲ್ಲ ಮುಗಿದ ಮೇಲೆ ಎಲ್ಲರ ಕಣ್ಣೂ ಹಾಯ್ಲ್ ಕಡೆ ತಿರುಗಿತು: ನೀವೇನು ಹೇಳುತ್ತೀರಿ?

ಅಂಕಿಅಂಶವನ್ನು ಅದೇ ಮೊದಲ ಸಲ ಕಾಣುತ್ತಿರುವವರು ಏನು ತಾನೇ ಹೇಳಿಯಾರು? ಹಾಯ್ಲ್ ಎರಡು ಮಾತಾಡಿ ಹೊರನಡೆದರು. ಸಂಜೆಯ ಪತ್ರಿಕೆಗಳಲ್ಲಿ ಸುದ್ದಿ ದೊಡ್ಡ ಅಕ್ಷರಗಳಲ್ಲಿ ಬಂತು. ಮನೆಯ ಫೋನು ದಿನಗಟ್ಟಲೆ ಬಡಿದುಕೊಂಡಿತು, ಶಾಲೆಯಲ್ಲಿ ಮಕ್ಕಳನ್ನು ಉಳಿದ ಹುಡುಗರು ಗೇಲಿ ಮಾಡಿದರು.

ವಿಶ್ವಕ್ಕೆ ಒಂದು ಆದಿ ಇತ್ತು ಎಂಬ ಮಾತನ್ನು ಇಪ್ಪತ್ತನೆಯ ಶತಮಾನದಲ್ಲಿ ಎಷ್ಟೋ ಜನ ಅನುಮಾನಿಸಿದ್ದಾರೆ. ಅವರಲ್ಲಿ ಹಾಯ್ಲ್ ಮತ್ತು ಗೆಳೆಯರ ಅನುಮಾನಕ್ಕೆ ನಾನು ಬೇರೆಯದೇ ಜಾಗ ಕೊಡುತ್ತೇನೆ. ಅವರು ಬರೀ ಇಲ್ಲ ಎನ್ನಲಿಲ್ಲ. ಇಲ್ಲ ಎಂದ ಕಡೆ ಇನ್ನೊಂದು ವಿಶ್ವವನ್ನು ಕಟ್ಟಿ ನಿಲ್ಲಿಸಿದರು, ಅದನ್ನು ಎಲ್ಲಿ ಹೊಡೆದರೆ ಬೀಳುತ್ತದೆ ಎಂಬುದನ್ನೂ ತಾವೇ ತೋರಿಸಿಕೊಟ್ಟರು.

ಆ ಅನುಮಾನ ಹುಟ್ಟುವುದಕ್ಕೆ ಗಟ್ಟಿ ಕಾರಣವೂ ಇತ್ತು. ಬೆಲ್ಜಿಯಂನ ಪಾದ್ರಿ ಮತ್ತು ಗಣಿತಜ್ಞ ಜಾರ್ಜ್ ಲೆಮೈತ್ರ್ 1927ರಲ್ಲೇ ವಿಶ್ವ ಹಿಗ್ಗುತ್ತಿದೆ ಎಂದು ಬರೆದಿದ್ದರು. ಗ್ಯಾಲಕ್ಸಿಗಳು ದೂರವಾದಷ್ಟೂ ಹೆಚ್ಚು ವೇಗದಲ್ಲಿ ಸರಿಯುತ್ತಿವೆ ಎಂಬುದನ್ನು 1929ರಲ್ಲಿ ಎಡ್ವಿನ್ ಹಬಲ್ ಅಳತೆ ಸಮೇತ ತೋರಿಸಿದರು. ಹಿಗ್ಗುತ್ತಿರುವುದನ್ನು ಹಿಂದಕ್ಕೆ ಓಡಿಸಿ ನೋಡಿದರೆ ಎಲ್ಲವೂ ಒಂದೆಡೆ ಒತ್ತೊತ್ತಾಗಿ ಸೇರಿದ್ದ ಕಾಲ ಸಿಗುತ್ತದೆ. 1931ರಲ್ಲಿ ಲೆಮೈತ್ರ್ ಅದನ್ನೇ ಒಂದು ಆದಿಪರಮಾಣು ಎಂದು ಕರೆದರು. ಅವರ ಗುರುವಾಗಿದ್ದ ಆರ್ಥರ್ ಎಡಿಂಗ್ಟನ್ ಅವರಿಗೇ ಇದು ರುಚಿಸಲಿಲ್ಲ. ಹೀಗೆ ಥಟ್ಟನೆ ಶುರುವಾಗುವ ಪ್ರಕೃತಿ ಎಂಬ ಕಲ್ಪನೆಯೇ ತನಗೆ ಹಿಡಿಸದು ಎಂದು ಅವರು ಬಹಿರಂಗವಾಗಿ ಹೇಳಿದರು.

ಹಿಡಿಸದಿರುವುದು ಒಂದು ಮಾತು, ಲೆಕ್ಕ ತಾಳೆಯಾಗದಿರುವುದು ಬೇರೆ ಮಾತು. ಇಲ್ಲಿ ಲೆಕ್ಕವೂ ತಾಳೆಯಾಗುತ್ತಿರಲಿಲ್ಲ. ಹಬಲ್ ಕೊಟ್ಟ ವೇಗದಿಂದ ಹಿಂದಕ್ಕೆ ಎಣಿಸಿದರೆ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷ. ಭೂವಿಜ್ಞಾನಿಗಳು ಬಂಡೆಗಳ ವಿಕಿರಣವನ್ನು ಅಳೆದು ಭೂಮಿಗೇ 300 ಕೋಟಿ ವರ್ಷ ಆಗಿದೆ ಎನ್ನುತ್ತಿದ್ದರು. ಅಂದರೆ ಮಗಳಿಗಿಂತ ತಾಯಿ ಚಿಕ್ಕವಳು! ಇಂಥ ಸಿದ್ಧಾಂತವನ್ನು ಕಣ್ಣುಮುಚ್ಚಿ ಒಪ್ಪುವುದು ಯಾವ ನ್ಯಾಯ? ಇಂದು ಕುಳಿತು ಆದಿಯನ್ನು ಒಪ್ಪದವರನ್ನು ಹಟಮಾರಿಗಳು ಎನ್ನುವವರು ಈ ಒಂದು ಲೆಕ್ಕವನ್ನು ನೆನಪಿಡಬೇಕು. 1940ರ ದಶಕದಲ್ಲಿ ಸಾಕ್ಷಿ ಅನುಮಾನದ ಪಕ್ಷದಲ್ಲಿತ್ತು.

ಹಾಯ್ಲ್ ಯಾರ್ಕ್‌ಷೈರ್‌ನ ಬಿಂಗ್ಲಿ ಊರಿನ ಬಳಿಯವರು, ಉಣ್ಣೆ ವ್ಯಾಪಾರಿಯ ಮಗ. ಮಾತಿನಲ್ಲಿ ಆ ಸೀಮೆಯ ಒರಟು ಕೊನೆಯವರೆಗೂ ಉಳಿಯಿತು. ಅವರ ಗೆಳೆಯರಾದ ಹರ್ಮನ್ ಬಾಂಡಿ ಮತ್ತು ಥಾಮಸ್ ಗೋಲ್ಡ್ ಇಬ್ಬರೂ ವಿಯೆನ್ನಾದಲ್ಲಿ ಹುಟ್ಟಿದ ಯೆಹೂದಿಗಳು. ಕೇಂಬ್ರಿಜ್‌ನಲ್ಲಿ ಓದುತ್ತಿದ್ದ ಈ ಇಬ್ಬರನ್ನು 1940ರಲ್ಲಿ ಬ್ರಿಟಿಷ್ ಸರ್ಕಾರ ಶತ್ರು ದೇಶದವರೆಂದು ಹಿಡಿದು ಶಿಬಿರಕ್ಕೆ ಹಾಕಿತು, ಅಲ್ಲಿಂದ ಹಡಗಿನಲ್ಲಿ ಕೆನಡಾಕ್ಕೆ ಸಾಗಿಸಿತು. ಅವರ ಸ್ನೇಹ ಬಲಿತದ್ದು ಆ ಸೆರೆಯಲ್ಲಿ. ಬಿಡುಗಡೆಯಾಗಿ ಬಂದವರನ್ನು ಅದೇ ಸರ್ಕಾರ ನೌಕಾಪಡೆಯ ರಾಡಾರ್ ಸಂಶೋಧನೆಗೆ ತೆಗೆದುಕೊಂಡಿತು. ಅಲ್ಲಿ ಅವರ ಮೇಲಿದ್ದವರು ಹಾಯ್ಲ್. ಹಗಲೆಲ್ಲ ಹಡಗುಗಳಿಗೆ ವಿಮಾನದ ಸುಳಿವು ಹೇಗೆ ಸಿಗಬೇಕು ಎಂಬ ಕೆಲಸ, ರಾತ್ರಿ ಸರ್ರೆಯ ಬಾಡಿಗೆ ಮನೆಯಲ್ಲಿ ನಕ್ಷತ್ರಗಳ ಮಾತು. ಯುದ್ಧ ಮುಗಿದ ಮೇಲೂ ಕೇಂಬ್ರಿಜ್‌ನಲ್ಲಿ ಆ ಮಾತು ಮುಂದುವರಿಯಿತು.

ಒಂದು ರಾತ್ರಿ ಮೂವರೂ ಸಿನಿಮಾಕ್ಕೆ ಹೋದರು. 1945ರಲ್ಲಿ ಬಂದಿದ್ದ ‘ಡೆಡ್ ಆಫ್ ನೈಟ್’ ಎಂಬ ದೆವ್ವದ ಚಿತ್ರ ಅದು. ಕೊನೆಯಲ್ಲಿ ನಾಯಕ ಕೆಟ್ಟ ಕನಸಿನಿಂದ ಎಚ್ಚರಗೊಳ್ಳುತ್ತಾನೆ, ಕಾರು ಹತ್ತಿ ಹೊರಡುತ್ತಾನೆ, ನೋಡಿದರೆ ಸಿನಿಮಾ ಶುರುವಾದಲ್ಲಿಗೇ ಬಂದು ನಿಂತಿರುತ್ತಾನೆ. ಎಲ್ಲಿಂದ ನೋಡಲು ತೊಡಗಿದರೂ ಆ ಕಥೆಗೆ ಮೊದಲಿಲ್ಲ, ಕೊನೆಯಿಲ್ಲ. ವಿಶ್ವವೂ ಹೀಗೇ ಇದ್ದರೆ ಎಂದು ಗೋಲ್ಡ್ ಕೇಳಿದರು ಎಂಬುದು ಹಾಯ್ಲ್ ಹೇಳುತ್ತಿದ್ದ ಕಥೆ. ಉಳಿದಿಬ್ಬರೂ ಇದರ ತಪ್ಪನ್ನು ಬೇಗನೆ ತೋರಿಸಿಬಿಡಬಹುದು ಎಂದುಕೊಂಡರು. ಆಗಲಿಲ್ಲ.

ಗೋಲ್ಡ್ ಕೇಳಿದ್ದರ ತಿರುಳು ಹೊಳೆಯ ದಡದಲ್ಲಿ ಕೂತವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹೊಳೆಯ ನೀರು ಸದಾ ಹರಿದುಹೋಗುತ್ತಿರುತ್ತದೆ, ನಿನ್ನೆಯ ಹನಿ ಇಂದು ಅಲ್ಲಿರುವುದಿಲ್ಲ. ಆದರೂ ಹೊಳೆ ಅದೇ ಹೊಳೆ, ಮೇಲಿಂದ ಹೊಸ ನೀರು ಬರುತ್ತಲೇ ಇರುತ್ತದಲ್ಲ. ವಿಶ್ವವೂ ಹಾಗೆ ಹಿಗ್ಗುತ್ತಿರಲಿ, ಗ್ಯಾಲಕ್ಸಿಗಳು ಒಂದರಿಂದೊಂದು ದೂರ ಹೋಗುತ್ತಿರಲಿ. ನಡುವೆ ತೆರವಾಗುವ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಿದ್ದರೆ, ಅದು ಒಟ್ಟುಗೂಡಿ ಹೊಸ ಗ್ಯಾಲಕ್ಸಿಗಳಾಗುತ್ತಿದ್ದರೆ, ಯಾವ ಕಾಲಕ್ಕೆ ಹೋಗಿ ನೋಡಿದರೂ ವಿಶ್ವ ಒಂದೇ ಥರ ಕಾಣುತ್ತದೆ. ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ. ಇದಕ್ಕೆ ಬೇಕಾದ ಸೃಷ್ಟಿಯೂ ಅತ್ಯಲ್ಪ. ದೊಡ್ಡದೊಂದು ಬಹುಮಹಡಿ ಕಟ್ಟಡದಷ್ಟು ಜಾಗದಲ್ಲಿ ಶತಮಾನಕ್ಕೆ ಒಂದು ಪರಮಾಣು ಹುಟ್ಟಿದರೆ ಸಾಕು ಎಂದು ಹಾಯ್ಲ್ ಸಾಮಾನ್ಯ ಜನರಿಗೆ ಬಿಡಿಸಿ ಹೇಳುತ್ತಿದ್ದರು. ಯಾವ ಪ್ರಯೋಗಾಲಯದ ತಕ್ಕಡಿಗೂ ಸಿಗುವ ಮೊತ್ತವಲ್ಲ ಅದು. 1948ರಲ್ಲಿ ಈ ಸ್ಥಿರಸ್ಥಿತಿ ಸಿದ್ಧಾಂತ ಎರಡು ಲೇಖನಗಳಾಗಿ ಒಂದೇ ಪತ್ರಿಕೆಯಲ್ಲಿ ಬಂತು. ಬಾಂಡಿ ಮತ್ತು ಗೋಲ್ಡ್ ತತ್ತ್ವದ ದಾರಿಯಿಂದ ಹೊರಟಿದ್ದರು. ಹಾಯ್ಲ್ ಐನ್‌ಸ್ಟೈನರ ಸಮೀಕರಣಗಳಿಗೇ ಸೃಷ್ಟಿಯ ಪದವೊಂದನ್ನು ಸೇರಿಸಿದ್ದರು.

ಏನೂ ಇಲ್ಲದಲ್ಲಿ ದ್ರವ್ಯ ಹುಟ್ಟುವುದು ಹುಚ್ಚು ಮಾತು ಎಂದು ಹಲವರು ಮೂಗು ಮುರಿದರು. ಎಲ್ಲವೂ ಒಂದೇ ಕ್ಷಣದಲ್ಲಿ ಹುಟ್ಟಿತೆಂದು ನಂಬುವವರು ಒಂದೊಂದೇ ಪರಮಾಣು ಹುಟ್ಟುವುದನ್ನು ಏಕೆ ನಂಬಬಾರದು ಎಂದು ಹಾಯ್ಲ್ ತಿರುಗಿ ಕೇಳಿದರು. ಐನ್‌ಸ್ಟೈನ್ ಕೂಡ 1931ರಲ್ಲಿ ಇಂಥದೇ ಒಂದು ಮಾದರಿಯನ್ನು ಬರೆದು ನೋಡಿ, ತಪ್ಪು ಕಂಡು ಬದಿಗಿಟ್ಟಿದ್ದರು. ಆ ಹಸ್ತಪ್ರತಿ ಜೆರುಸಲೆಮ್‌ನ ಕಡತಗಳಲ್ಲಿ ಗುರುತಾಗದೆ ಉಳಿದು, ಎಂಬತ್ತು ವರ್ಷಗಳ ಮೇಲೆ ಬೆಳಕಿಗೆ ಬಂತು. ಹಾಯ್ಲ್ ಅದನ್ನು ನೋಡಲಿಲ್ಲವಲ್ಲ ಎಂದು ನನಗೆ ಇಂದಿಗೂ ಮರುಕವಾಗುತ್ತದೆ.

1949ರ ಮಾರ್ಚ್ 28ರಂದು ಬಿಬಿಸಿ ರೇಡಿಯೊದಲ್ಲಿ ಮಾತಾಡುತ್ತ ಹಾಯ್ಲ್ ಎದುರು ಪಕ್ಷದ ಸಿದ್ಧಾಂತಕ್ಕೆ ಒಂದು ಹೆಸರಿಟ್ಟರು: ಬಿಗ್ ಬ್ಯಾಂಗ್. ಹೀಯಾಳಿಸಲು ಅಂದದ್ದಲ್ಲ, ರೇಡಿಯೊ ಕೇಳುವವರಿಗೆ ಕಣ್ಣಿಗೆ ಕಟ್ಟುವ ಪದ ಬೇಕಿತ್ತು ಎಂದು ಮುಂದೆ ಹೇಳಿದರು. ಹೇಗೇ ಇರಲಿ, ನಾವು ಮಹಾಸ್ಫೋಟ ಎಂದು ಕನ್ನಡಿಸಿಕೊಂಡ ಆ ಹೆಸರನ್ನು ಕೊಟ್ಟವರು ಅದನ್ನು ಜೀವನವಿಡೀ ಒಪ್ಪದವರು.

ಮಹಾಸ್ಫೋಟದ ಪಕ್ಷಕ್ಕೆ ಆಗ ಅಮೆರಿಕದಲ್ಲಿ ಜಾರ್ಜ್ ಗ್ಯಾಮೊ ಇದ್ದರು. ಅವರ ಶಿಷ್ಯ ರಾಲ್ಫ್ ಆಲ್ಫರ್, ಆದಿಯ ಬಿಸಿಯಲ್ಲೇ ಎಲ್ಲ ಧಾತುಗಳೂ ಬೆಂದು ಸಿದ್ಧವಾದವು ಎಂದು 1948ರಲ್ಲಿ ಲೆಕ್ಕ ಕೊಟ್ಟರು. ಅದೇ ವರ್ಷ ಆಲ್ಫರ್ ಮತ್ತು ರಾಬರ್ಟ್ ಹರ್ಮನ್, ಆ ಬಿಸಿಯ ಉಳಿಕೆ ಇಂದಿಗೂ ಆಕಾಶದ ತುಂಬ ಸುಮಾರು 5 ಕೆಲ್ವಿನ್ ತಣ್ಣನೆಯ ವಿಕಿರಣವಾಗಿ ಇರಬೇಕು ಎಂದರು. ಯಾರೂ ಹುಡುಕಲು ಹೋಗಲಿಲ್ಲ. ಧಾತುಗಳ ಲೆಕ್ಕದಲ್ಲೂ ತೊಡಕಿತ್ತು. ಜಲಜನಕದಿಂದ ಹೀಲಿಯಂವರೆಗೆ ಸಲೀಸಾಗಿ ಏರಬಹುದು, ಮುಂದಿನ ಮೆಟ್ಟಿಲೇ ಇಲ್ಲ. ಐದು ಕಣಗಳ ಬೀಜವೂ ಎಂಟು ಕಣಗಳ ಬೀಜವೂ ಹುಟ್ಟಿದ ಗಳಿಗೆಯಲ್ಲೇ ಒಡೆದುಹೋಗುತ್ತವೆ.

ಹಾಯ್ಲ್ ಅವರ ಅನುಮಾನ ಲೋಕಕ್ಕೆ ಕೊಟ್ಟ ದೊಡ್ಡ ಉಡುಗೊರೆ ಸಿಕ್ಕಿದ್ದು ಈ ಮುರಿದ ಮೆಟ್ಟಿಲ ಹತ್ತಿರವೇ. ಬಿಸಿಯಾದ ಆದಿಯೇ ಇರಲಿಲ್ಲ ಎನ್ನುವವರು ನಮ್ಮ ಮೈಯಲ್ಲಿರುವ ಇಂಗಾಲ, ಆಮ್ಲಜನಕ, ಕಬ್ಬಿಣ ಎಲ್ಲಿ ಬೆಂದವು ಎಂದು ಹೇಳಲೇಬೇಕು. ನಕ್ಷತ್ರಗಳ ಒಡಲಲ್ಲಿ ಎಂಬುದು ಹಾಯ್ಲ್ ಉತ್ತರ. ಆದರೆ ಮೂರು ಹೀಲಿಯಂ ಬೀಜಗಳು ಕೂಡಿ ಇಂಗಾಲ ಆಗಬೇಕಾದರೆ ನಡುವೆ ಆ ಎಂಟು ಕಣಗಳ ಕ್ಷಣಭಂಗುರ ಬೀಜವನ್ನು ದಾಟಬೇಕು. ಸಾಮಾನ್ಯ ಲೆಕ್ಕದಲ್ಲಿ ಅದು ಎಷ್ಟು ಅಪರೂಪವೆಂದರೆ ವಿಶ್ವದಲ್ಲಿ ಇಂಗಾಲವೇ ಸಾಕಷ್ಟು ಇರಬಾರದು. ಇಂಗಾಲ ಧಾರಾಳವಾಗಿ ಇದೆಯಲ್ಲ! ಹಾಗಿದ್ದರೆ ಇಂಗಾಲದ ಬೀಜಕ್ಕೆ 7.65 ಮೆಗಾಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿ ಶಕ್ತಿಯ ಒಂದು ವಿಶೇಷ ಸ್ಥಿತಿ ಇರಲೇಬೇಕು, ಆ ಸ್ಥಿತಿ ಇದ್ದರೆ ಮಾತ್ರ ಮೂರೂ ಕೂಡಿಕೊಳ್ಳುವುದು ಸುಲಭವಾದೀತು ಎಂದು ಅವರು ತೀರ್ಮಾನಿಸಿದರು.

1953ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್‌ಗೆ ಹೋಗಿದ್ದಾಗ ಹಾಯ್ಲ್ ನೇರವಾಗಿ ಪ್ರಯೋಗತಜ್ಞ ವಿಲಿಯಂ ಫೌಲರ್ ಬಳಿ ಹೋಗಿ ಇದನ್ನು ಅಳೆದು ನೋಡಿ ಎಂದರು. ಆಕಾಶದ ಲೆಕ್ಕ ಹಾಕುವವನೊಬ್ಬ ಬಂದು ಪರಮಾಣು ಬೀಜದ ಒಳಗೆ ಏನಿದೆಯೆಂದು ಹೇಳುವುದೇ? ಫೌಲರ್‌ಗೆ ನಂಬಿಕೆ ಬರಲಿಲ್ಲ. ಆದರೂ ವಾರ್ಡ್ ವೇಲಿಂಗ್ ಎಂಬ ತರುಣ ಭೌತವಿಜ್ಞಾನಿ ಮತ್ತು ಅವರ ಸಂಗಡಿಗರು ಉಪಕರಣ ಜೋಡಿಸಿ ಅಳೆದರು. ಹಾಯ್ಲ್ ಬೆರಳಿಟ್ಟಲ್ಲಿ ಆ ಸ್ಥಿತಿ ಇತ್ತು. ನಾವಿದ್ದೇವೆ, ಆದ್ದರಿಂದ ಇಂಗಾಲದ ಬೀಜ ಹೀಗಿರಬೇಕು ಎಂದು ಹಿಂದುಮುಂದಾಗಿ ಯೋಚಿಸಿ ಗೆದ್ದ ಇಂಥ ಇನ್ನೊಂದು ಉದಾಹರಣೆ ವಿಜ್ಞಾನದಲ್ಲಿ ನನಗೆ ಕಾಣುವುದಿಲ್ಲ. 1957ರಲ್ಲಿ ಮಾರ್ಗರೆಟ್ ಬರ್ಬಿಜ್, ಜೆಫ್ರಿ ಬರ್ಬಿಜ್, ಫೌಲರ್, ಹಾಯ್ಲ್ ನಾಲ್ವರೂ ಸೇರಿ ಭಾರವಾದ ಧಾತುಗಳೆಲ್ಲ ನಕ್ಷತ್ರಗಳಲ್ಲಿ ಹೇಗೆ ಹುಟ್ಟುತ್ತವೆ ಎಂಬ ಮಹಾಪ್ರಬಂಧವನ್ನು ಪ್ರಕಟಿಸಿದರು. ಅದರ ಸಾರ ಇಂದು ಶಾಲೆಯ ಪಠ್ಯ. 1983ರಲ್ಲಿ ಫೌಲರ್‌ಗೆ ನೊಬೆಲ್ ಬಂತು, ಹಾಯ್ಲ್‌ಗೆ ಬರಲಿಲ್ಲ. ಅದು ಅನ್ಯಾಯ ಎಂದೇ ನನ್ನ ನಿಲುವು.

ಇತ್ತ 1952ರ ಸೆಪ್ಟೆಂಬರ್‌ನಲ್ಲಿ ರೋಮ್ ನಗರದಲ್ಲಿ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತು. ಈ ಕಥೆಯ ಎರಡು ಎಳೆಗಳು ಅಲ್ಲಿ ಒಂದಾದವು. ಜರ್ಮನಿಯಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದ ವಾಲ್ಟರ್ ಬಾಡೆ ಯುದ್ಧಕಾಲದಲ್ಲಿ ಶತ್ರು ದೇಶದವರೆಂದು ಮಿಲಿಟರಿ ಕೆಲಸಕ್ಕೆ ಬೇಡವಾಗಿದ್ದರು. ಅದು ಖಗೋಳ ವಿಜ್ಞಾನದ ಭಾಗ್ಯವಾಯಿತು. ಲಾಸ್ ಏಂಜಲೀಸ್ ನಗರ ದೀಪ ಆರಿಸಿ ಕೂತ ರಾತ್ರಿಗಳಲ್ಲಿ ಮೌಂಟ್ ವಿಲ್ಸನ್ನಿನ ನೂರು ಇಂಚಿನ ದೂರದರ್ಶಕ ಅವರ ಕೈಯಲ್ಲಿತ್ತು. ಆಂಡ್ರೊಮೀಡಾ ಗ್ಯಾಲಕ್ಸಿಯ ನಕ್ಷತ್ರಗಳನ್ನು ಅವರು ಎರಡು ಪೀಳಿಗೆಗಳಾಗಿ ವಿಂಗಡಿಸಿದರು. ಮುಂದೆ ಪಾಲೊಮಾರ್‌ನ ದೊಡ್ಡ ದೂರದರ್ಶಕದಲ್ಲಿ ಆ ಕೆಲಸ ಮುಂದುವರಿಸಿ, ದೂರ ಅಳೆಯುವ ಕೋಲೇ ತಪ್ಪಾಗಿತ್ತು ಎಂದು ಕಂಡುಕೊಂಡರು. ಗ್ಯಾಲಕ್ಸಿಗಳು ನಾವಂದುಕೊಂಡದ್ದಕ್ಕಿಂತ ಎರಡರಷ್ಟು ದೂರದಲ್ಲಿವೆ, ಅಂದಮೇಲೆ ವಿಶ್ವದ ವಯಸ್ಸೂ ಎರಡರಷ್ಟಾಗುತ್ತದೆ ಎಂದು ಬಾಡೆ ಸಭೆಗೆ ಹೇಳಿದರು. ಆ ಗೋಷ್ಠಿಯ ನಡಾವಳಿ ಬರೆದುಕೊಳ್ಳುತ್ತಿದ್ದ ಕಾರ್ಯದರ್ಶಿ ಮತ್ತಾರೂ ಅಲ್ಲ, ಫ್ರೆಡ್ ಹಾಯ್ಲ್. ತನ್ನ ಸಿದ್ಧಾಂತಕ್ಕೆ ನೆಲೆಯಾಗಿದ್ದ ವಯಸ್ಸಿನ ತೊಡಕು ಕರಗುವುದನ್ನು ಅವರು ತಮ್ಮ ಕೈಯಾರೆ ದಾಖಲಿಸಿದರು. 1958ರಲ್ಲಿ ಆಲನ್ ಸ್ಯಾಂಡೇಜ್ ಆ ಕೋಲನ್ನು ಇನ್ನೂ ತಿದ್ದಿದ ಮೇಲೆ ತಾಯಿ ಮಗಳಿಗಿಂತ ದೊಡ್ಡವಳಾದಳು.

ಇನ್ನೊಂದು ಎಳೆ ಪೋಪ್ ಅವರದು. 1951ರ ನವೆಂಬರ್‌ನಲ್ಲಿ ಹನ್ನೆರಡನೆಯ ಪಯಸ್ ತಮ್ಮ ವಿಜ್ಞಾನ ಅಕಾಡೆಮಿಯ ಮುಂದೆ ಮಾತಾಡುತ್ತ, ಹೊಸ ವಿಜ್ಞಾನ ಸೃಷ್ಟಿಯ ಆದಿಗೆ ಸಾಕ್ಷಿ ನುಡಿಯುತ್ತಿದೆ ಎಂದು ಸಂತೋಷಪಟ್ಟಿದ್ದರು. ಇದರಿಂದ ಎಲ್ಲರಿಗಿಂತ ಹೆಚ್ಚು ಕಳವಳಗೊಂಡವರು ಪಾದ್ರಿ ಲೆಮೈತ್ರ್ ಅವರೇ. ತನ್ನ ಸಿದ್ಧಾಂತ ಭೌತವಿಜ್ಞಾನದ್ದು, ನಾಳೆ ತಪ್ಪೆಂದು ತೀರ್ಮಾನವಾಗಬಹುದು, ಅದರ ಮೇಲೆ ದೇವರನ್ನು ನಿಲ್ಲಿಸಬೇಡಿ ಎಂಬುದು ಅವರ ನಿಲುವು. ವ್ಯಾಟಿಕನ್ ವೀಕ್ಷಣಾಲಯದ ಡೇನಿಯಲ್ ಓಕಾನೆಲ್ ಅವರ ಮೂಲಕ ಈ ಮಾತು ಪೋಪ್ ಕಿವಿಗೆ ಮುಟ್ಟಿತು. ರೋಮ್‌ಗೆ ಬಂದ ಖಗೋಳ ವಿಜ್ಞಾನಿಗಳನ್ನು ಉದ್ದೇಶಿಸಿ ಮಾತಾಡುವಾಗ ಅವರು ಮತ್ತೆ ಆ ವಾದ ಎತ್ತಲಿಲ್ಲ. ಹಾಯ್ಲ್ ನಾಸ್ತಿಕರು. ಆದಿ ಎಂಬ ಮಾತಿನಲ್ಲಿ ಅವರಿಗೆ ಬೈಬಲ್ಲಿನ ವಾಸನೆ ಬರುತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಅವರ ಅನುಮಾನಕ್ಕೆ ಇದೇ ಕಾರಣ ಎಂದು ಬದಿಗೆ ತಳ್ಳುವವರು ಇದ್ದಾರೆ, ನಾನು ಒಪ್ಪುವುದಿಲ್ಲ. ಪಾದ್ರಿಯ ಸಿದ್ಧಾಂತವನ್ನು ಪಾದ್ರಿಯದೆಂದು ತಳ್ಳಬಾರದು ಎಂದಾದರೆ ನಾಸ್ತಿಕನದಕ್ಕೂ ಅದೇ ನ್ಯಾಯ.

ಈಗ ರೈಲ್ ಅವರ ಎಣಿಕೆಗೆ ಬರೋಣ. ವಾದ ಸರಳ. ರೇಡಿಯೊ ಅಲೆ ಸೂಸುವ ಮೂಲಗಳು ಎಲ್ಲೆಡೆ ಸಮನಾಗಿ ಹರಡಿವೆ ಎನ್ನೋಣ. ಮೊದಲಿನ ಕಾಲುಭಾಗ ಪ್ರಖರತೆಯವೂ ಕಾಣುವಂತೆ ಉಪಕರಣವನ್ನು ಸೂಕ್ಷ್ಮ ಮಾಡಿದರೆ ನಮ್ಮ ನೋಟ ಎರಡರಷ್ಟು ದೂರ ಹೋಗುತ್ತದೆ, ಎಂಟರಷ್ಟು ಜಾಗ ಸಿಗುತ್ತದೆ, ಎಂಟರಷ್ಟು ಮೂಲಗಳು ಸಿಗಬೇಕು. ಸ್ಥಿರಸ್ಥಿತಿಯ ವಿಶ್ವದಲ್ಲಿ ಹಿಗ್ಗುವಿಕೆಯಿಂದಾಗಿ ಎಂಟಕ್ಕಿಂತ ಕಡಿಮೆಯೇ ಸಿಗಬೇಕು. ದೂರಕ್ಕೆ ನೋಡುವುದೆಂದರೆ ಹಿಂದಿನ ಕಾಲವನ್ನು ನೋಡುವುದು. ಹೆಚ್ಚು ಸಿಕ್ಕರೆ ಹಿಂದೆ ವಿಶ್ವ ಬೇರೆ ಥರ ಇತ್ತು ಎಂದರ್ಥ, ಸ್ಥಿರಸ್ಥಿತಿಯ ಬುಡವೇ ಕಡಿದಂತೆ. 1955ರಲ್ಲಿ 1936 ಮೂಲಗಳ ಪಟ್ಟಿ ಹಿಡಿದು ರೈಲ್ ಬಹಳ ಹೆಚ್ಚು ಸಿಕ್ಕಿವೆ ಎಂದು ಘೋಷಿಸಿದರು. ಸಿಡ್ನಿಯ ಬರ್ನಾರ್ಡ್ ಮಿಲ್ಸ್ ಮತ್ತು ಬ್ರೂಸ್ ಸ್ಲೀ ದಕ್ಷಿಣದ ಆಕಾಶದಲ್ಲಿ ಎಣಿಸಿ ನೋಡಿದರು, ಎರಡೂ ಪಟ್ಟಿ ತಾಳೆಯೇ ಆಗಲಿಲ್ಲ. ಕೇಂಬ್ರಿಜ್‌ನ ಉಪಕರಣ ಹತ್ತಿರ ಹತ್ತಿರ ಇದ್ದ ಮಸುಕಾದ ಮೂಲಗಳನ್ನು ಕಲಸಿ ಒಂದೇ ಎಂದು ಎಣಿಸಿತ್ತು. ರೈಲ್ ತಲೆತಗ್ಗಿಸಬೇಕಾಯಿತು. ಆದರೆ ಅವರು ಉಪಕರಣ ತಿದ್ದಿದರು, ಮತ್ತೆ ಎಣಿಸಿದರು. 1961ರ ಎಣಿಕೆಯಲ್ಲಿ ಎಂಟರ ಜಾಗಕ್ಕೆ ಸುಮಾರು ಹನ್ನೆರಡು ಬಂತು. ಈ ಸಲ ಅದನ್ನು ಅಲುಗಿಸುವುದು ಕಷ್ಟವಿತ್ತು.

ಮಲ್ಲಾರ್ಡ್ ಕಚೇರಿಯ ಆ ಪ್ರಸಂಗದ ಬೆನ್ನಿಗೇ, ಫೆಬ್ರವರಿ 10ರಂದು, ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯ ಸಭೆಯಲ್ಲಿ ರೈಲ್ ಇದನ್ನು ಮಂಡಿಸುವವರಿದ್ದರು. ಉತ್ತರ ಸಿದ್ಧವಾಗಬೇಕಿತ್ತು, ಹಾಯ್ಲ್‌ಗೆ ಆ ದಿನ ಬೇರೆ ಕಡೆ ಉಪನ್ಯಾಸವಿತ್ತು. ಅವರು ಆ ಕೆಲಸ ಒಪ್ಪಿಸಿದ್ದು ತಮ್ಮ ಬಳಿ ಸಂಶೋಧನೆಗೆ ಸೇರಿ ವರ್ಷವೂ ಆಗದಿದ್ದ ಇಪ್ಪತ್ತೆರಡರ ಹುಡುಗನಿಗೆ. ಅವರೇ ಜಯಂತ ವಿಷ್ಣು ನಾರ್ಳೀಕರ್. ಕೊಲ್ಹಾಪುರದಲ್ಲಿ ಹುಟ್ಟಿ, ತಂದೆ ಗಣಿತ ಪ್ರಾಧ್ಯಾಪಕರಾಗಿದ್ದ ಬನಾರಸ್ಸಿನಲ್ಲಿ ಬೆಳೆದು, ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾಗಿದ್ದವರು. ಗ್ಯಾಲಕ್ಸಿಗಳು ಸಮನಾಗಿ ಹರಡಿರದೆ ದೊಡ್ಡ ದೊಡ್ಡ ಗುಂಪುಗಳಾಗಿದ್ದರೆ, ನಾವು ಅವುಗಳ ನಡುವೆ ಬರಿದಾದ ಜಾಗದಲ್ಲಿದ್ದರೆ, ಸ್ಥಿರಸ್ಥಿತಿಯಲ್ಲೂ ರೈಲ್ ಕಂಡಂಥ ಎಣಿಕೆ ಬರಬಹುದು ಎಂದು ಗುರುಶಿಷ್ಯರು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದರು. ತುಂಬಿದ ಸಭೆಯಲ್ಲಿ ರೈಲ್ ಎದುರು ನಿಂತು ಆ ಹುಡುಗ ಇದನ್ನು ಮಂಡಿಸಿದ ಗಳಿಗೆಯನ್ನು ನೆನೆದರೆ ಹೆಮ್ಮೆಯೆನಿಸುತ್ತದೆ. ಅಷ್ಟು ದೊಡ್ಡ ಗುಂಪುಗಳೂ ನಡುವಿನ ಬರಿದೂ ನಿಜವೆಂದು ಮುಂದೆ ಗೊತ್ತಾಯಿತು. ಸಿದ್ಧಾಂತ ಮಾತ್ರ ಅದರಿಂದ ಉಳಿಯಲಿಲ್ಲ.

1964ರಲ್ಲಿ ಹಾಯ್ಲ್ ಎದುರು ಪಕ್ಷಕ್ಕೆ ತಾವೇ ಆಯುಧ ಕೊಟ್ಟರು. ರಾಜರ್ ಟೇಲರ್ ಜೊತೆ ಬರೆದ ಲೇಖನವೊಂದರಲ್ಲಿ, ವಿಶ್ವದಲ್ಲಿರುವ ಹೀಲಿಯಂನಷ್ಟನ್ನು ನಕ್ಷತ್ರಗಳು ಬೇಯಿಸಿರಲಾರವು, ವಿಶ್ವವೇ ಹಿಂದೊಮ್ಮೆ ಕುದಿಯುವಷ್ಟು ಬಿಸಿಯಾಗಿರಬೇಕು ಅಥವಾ ಬೃಹತ್ತಾದ ಕಾಯಗಳಲ್ಲಿ ಅದು ಬೆಂದಿರಬೇಕು ಎಂದು ಲೆಕ್ಕ ಸಮೇತ ಒಪ್ಪಿಕೊಂಡರು. ತನ್ನ ಮನೆಯ ತೊಲೆಯನ್ನೇ ತಾನು ಗರಗಸ ಹಿಡಿದು ಪರೀಕ್ಷಿಸುವ ಈ ಪ್ರಾಮಾಣಿಕತೆಯನ್ನು ನಾನು ಬಹಳ ಗೌರವಿಸುತ್ತೇನೆ. ಹಗುರ ಧಾತುಗಳ ವಿಚಾರದಲ್ಲಿ ಗ್ಯಾಮೊ ಸರಿ, ಭಾರದವುಗಳ ವಿಚಾರದಲ್ಲಿ ಹಾಯ್ಲ್ ಸರಿ ಎಂದು ಇಂದು ತಿಳಿದಿದೆ.

ಮರುವರ್ಷವೇ ನ್ಯೂಜೆರ್ಸಿಯ ಹೋಮ್‌ಡೆಲ್‌ನಿಂದ ಸುದ್ದಿ ಬಂತು. ಬೆಲ್ ಪ್ರಯೋಗಾಲಯದ ಕೊಂಬಿನಾಕಾರದ ಆಂಟೆನಾದಲ್ಲಿ ಆರ್ನೊ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ ಎತ್ತ ತಿರುಗಿಸಿದರೂ ಹೋಗದ ಗೊರಗೊರ ಕೇಳಿಸುತ್ತಿತ್ತು. ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ತೊಳೆದರೂ ಅದು ಹೋಗಲಿಲ್ಲ. ಸಮೀಪದ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕಿ ಅವರ ತಂಡ ಅದನ್ನೇ ಹುಡುಕಲು ಸಿದ್ಧವಾಗುತ್ತಿತ್ತು. ಅದು ಆದಿಯ ಬಿಸಿಯ ಉಳಿಕೆ, ಸುಮಾರು 3.5 ಕೆಲ್ವಿನ್. ಆಲ್ಫರ್ ಮತ್ತು ಹರ್ಮನ್ ಹದಿನೇಳು ವರ್ಷ ಮೊದಲೇ ಹೇಳಿದ್ದು. ವಿಲ್ಸನ್ ವಿಶ್ವವಿಜ್ಞಾನ ಕಲಿತದ್ದು ಹಾಯ್ಲ್ ಪಾಠದಲ್ಲಿ, ಅವರ ಒಲವೂ ಸ್ಥಿರಸ್ಥಿತಿಯ ಕಡೆಗೇ ಇತ್ತು. ಲೆಮೈತ್ರ್ ಆಗ ಕಾಯಿಲೆ ಬಿದ್ದಿದ್ದರು. 1966ರ ಜೂನ್ 20ರಂದು ತೀರಿಕೊಳ್ಳುವ ಕೆಲದಿನ ಮೊದಲು ಈ ಸುದ್ದಿ ಅವರ ಕಿವಿಗೆ ಬಿತ್ತು.

ಸ್ಥಿರಸ್ಥಿತಿಯ ಪಾಳೆಯ ಕರಗಿತು. ಅದರ ಬೆಂಬಲಿಗರಾಗಿದ್ದ ಡೆನಿಸ್ ಸಿಯಾಮಾ ಬಿಟ್ಟುಕೊಟ್ಟರು. ಬಾಂಡಿ ಬೇರೆ ಕೆಲಸಗಳಿಗೆ ಹೋದರು. 1965ರ ಸೆಪ್ಟೆಂಬರ್‌ನಲ್ಲಿ ಹಾಯ್ಲ್ ಕೂಡ ಒಂದು ಭಾಷಣದಲ್ಲಿ ಹೆಚ್ಚುಕಡಿಮೆ ಸೋಲೊಪ್ಪಿದರು. ಆಮೇಲೆ ಮನಸ್ಸು ತಿರುಗಿತು. 1993ರಲ್ಲಿ ಜೆಫ್ರಿ ಬರ್ಬಿಜ್ ಮತ್ತು ನಾರ್ಳೀಕರ್ ಜೊತೆ ಸೇರಿ ಅರೆಸ್ಥಿರಸ್ಥಿತಿ ಎಂಬ ಹೊಸ ಮಾದರಿ ಕಟ್ಟಿದರು. ಅದರಲ್ಲಿ ವಿಶ್ವ ಹಿಗ್ಗುತ್ತ ಕುಗ್ಗುತ್ತ ಸಾಗುತ್ತದೆ, ಹಿನ್ನೆಲೆ ವಿಕಿರಣವೆಂದರೆ ನಕ್ಷತ್ರಗಳ ಬೆಳಕು ಅಂತರಿಕ್ಷದಲ್ಲಿರುವ ಕಬ್ಬಿಣದ ಸಣ್ಣ ಎಳೆಗಳಿಗೆ ತಾಕಿ ಹದಗೊಂಡದ್ದು. ಅಷ್ಟರಲ್ಲಿ ಕೋಬಿ ಉಪಗ್ರಹ ಆ ವಿಕಿರಣವನ್ನು ಅಳೆದಾಗಿತ್ತು. 1990ರ ಜನವರಿಯಲ್ಲಿ ಜಾನ್ ಮ್ಯಾಥರ್ ನಕ್ಷೆ ತೋರಿಸಿದಾಗ ಅಳತೆಯ ಚುಕ್ಕಿಗಳೆಲ್ಲ ಲೆಕ್ಕದ ಗೆರೆಯ ಮೇಲೇ ಕೂತಿದ್ದವು, ಸಭೆ ಎದ್ದುನಿಂತು ಚಪ್ಪಾಳೆ ತಟ್ಟಿತ್ತು. 1948ರ ಸಿದ್ಧಾಂತ ತನ್ನನ್ನು ಹೀಗೆ ಹೊಡೆಯಿರಿ ಎಂದು ಎದೆಯೊಡ್ಡಿ ನಿಂತಿತ್ತು. 1993ರದು ಬಿದ್ದ ಪ್ರತಿ ಏಟಿಗೂ ಒಂದೊಂದು ತೇಪೆ ಹಾಕಿಕೊಂಡು ನಿಂತಿತ್ತು. ಹೇಳಲು ನೋವಾದರೂ ಆ ವ್ಯತ್ಯಾಸವನ್ನು ಹೇಳಲೇಬೇಕು.

ಹಾಯ್ಲ್ 2001ರ ಆಗಸ್ಟ್ 20ರಂದು ತೀರಿಕೊಂಡರು. ನಾರ್ಳೀಕರ್ ಕೊನೆಯವರೆಗೂ ಅನುಮಾನ ಬಿಡಲಿಲ್ಲ. ಆದರೆ 1988ರಲ್ಲಿ ಪುಣೆಯಲ್ಲಿ ಅವರು ಕಟ್ಟಿ ಬೆಳೆಸಿದ ಐಯೂಕಾ ಸಂಸ್ಥೆಯಲ್ಲಿ ತಮ್ಮ ಅಭಿಪ್ರಾಯವನ್ನು ಬಾಗಿಲಿಗೆ ಅಡ್ಡ ಇಡಲಿಲ್ಲ. ಮಹಾಸ್ಫೋಟದ ಉಳಿಕೆ ಬೆಳಕನ್ನೇ ಅಧ್ಯಯನ ಮಾಡುವ ತರುಣ್ ಸೌರದೀಪ್ ಅಂಥವರು ಅಲ್ಲಿ ದೀರ್ಘಕಾಲ ಕೆಲಸ ಮಾಡಿದರು. 2025ರ ಮೇ 20ರಂದು ನಾರ್ಳೀಕರ್ ಪುಣೆಯಲ್ಲಿ ನಿಧನರಾದಾಗ ಸೌರದೀಪ್ ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದರು.

ಆ ಸಂಸ್ಥೆಯವರ ಒಂದು ಕೆಲಸ ನನಗೆ ಇಲ್ಲಿ ನೆನಪಾಗುತ್ತದೆ. 2018ರಲ್ಲಿ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಂಟೆನಾ ನೆಟ್ಟ ಅಮೆರಿಕದ ತಂಡವೊಂದು, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಸುಳಿವು 78 ಮೆಗಾಹರ್ಟ್ಸ್ ಬಳಿ ಸಿಕ್ಕಿದೆ ಎಂದು ಪ್ರಕಟಿಸಿತು. ಲೆಕ್ಕಕ್ಕಿಂತ ಅದು ಎಷ್ಟು ಆಳವಾಗಿತ್ತೆಂದರೆ ಹೊಸ ಭೌತವಿಜ್ಞಾನವೇ ಬೇಕಾಗಬಹುದು ಎಂದು ಲೋಕವೆಲ್ಲ ಮಾತಾಡಿತು. ಬೆಂಗಳೂರಿನವರಿಗೆ ಅನುಮಾನ ಬಂತು. ಆಂಟೆನಾದ ಕೆಳಗಿನ ನೆಲ ಪದರ ಪದರವಾಗಿ, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ, ಅದೇ ಸುಳ್ಳು ಹೇಳಿಸಿರಬಹುದಲ್ಲವೇ? ನೀರಾದರೆ ಎಲ್ಲ ಕಡೆಯೂ ಒಂದೇ ಸಮ. ‘ಸರಸ್’ ಎಂಬ ತಮ್ಮ ಉಪಕರಣವನ್ನು ಅವರು ತೆಪ್ಪದಂಥ ತೇಲುವ ಹಾಸಿನ ಮೇಲೆ ಕೂರಿಸಿ, 2020ರ ಆರಂಭದಲ್ಲಿ ಮೊದಲು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿಯ ಹಿನ್ನೀರಿನಲ್ಲಿ ತೇಲಿಬಿಟ್ಟರು. ಎಫ್‌ಎಂ ರೇಡಿಯೊದ ಗದ್ದಲ ತೀರ ಕಡಿಮೆ ಇರುವ ಜಾಗಗಳನ್ನು ಹುಡುಕಿಕೊಂಡು ಹೋದದ್ದು ಅದು. ಅಲ್ಲಿ ಕೇಳಿಸಿಕೊಂಡದ್ದನ್ನು ಎರಡು ವರ್ಷ ಸೋಸಿ, 2022ರ ಫೆಬ್ರವರಿಯಲ್ಲಿ ಫಲಿತಾಂಶ ಪ್ರಕಟಿಸಿದರು: ಆಸ್ಟ್ರೇಲಿಯಾದಲ್ಲಿ ಕಂಡಂಥ ಸುಳಿವು ನಮ್ಮ ನೀರಿನ ಮೇಲೆ ಕಾಣಲಿಲ್ಲ, ಶೇಕಡಾ 95.3ರ ಭರವಸೆಯಿಂದ ಅದನ್ನು ತಳ್ಳಿಹಾಕಬಹುದು.